ಸಂಜೆಯ ಗಂಟೆಯವರೆಗೆ

ಹಲಗೆಯ ಮೇಲೆ ಏನು ಬರೆಯಬೇಕೆಂದು ಆದ್ಯಾ ಬಂದು ಕೇಳಿದಾಗ ವಿರುಪಾಕ್ಷ ಬಾಯಿ ತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಿದ್ದ. ಹಲಗೆಯೆಂದರೆ ಹಲಗೆಯೂ ಅಲ್ಲ. ಕಾರ್ನ್‌ಫ್ಲೇಕ್ಸ್ ಡಬ್ಬಿಯನ್ನು ಕತ್ತರಿಸಿ, ಎರಡು ಮೂಲೆಗೆ ತೂತು ಹಾಕಿ, ಕಿತ್ತಳೆ ಬಣ್ಣದ ರಿಬ್ಬನ್ ಪೋಣಿಸಿದ ಒಂದು ರಟ್ಟು. ಇವತ್ತು ಅವಳ ಶಾಲೆಯಲ್ಲಿ ಹಾರ್ಮನಿ ಡೇ. ಮಕ್ಕಳೆಲ್ಲ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ತಮ್ಮ ತಮ್ಮ ಮನೆಯ ಒಂದು ಕಥೆ ಹೇಳಬೇಕು. ಐದನೇ ಇಯತ್ತೆಯ ಆದ್ಯಾ ಅಪ್ಪನ ಕಥೆಯನ್ನು ಆರಿಸಿಕೊಂಡಿದ್ದಳು. ಅಪ್ಪ ಅವಳಷ್ಟೇ ಇದ್ದಾಗ, ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ, ಕನ್ನಡ ಮಾತಾಡಿದ ತಪ್ಪಿಗೆ ಅಪ್ಪನ ಕೊರಳಿಗೆ ಹಲಗೆ ತೂಗುಹಾಕಿದ್ದರು. ಅಪ್ಪ ಬೆಳಗಿನಿಂದ ಸಂಜೆಯ ಗಂಟೆಯವರೆಗೆ ಅದನ್ನು ಹಾಕಿಕೊಂಡೇ ಇದ್ದ. ಅಳಲಿಲ್ಲ, ಇನ್ನೊಬ್ಬರ ಕೊರಳಿಗೆ ದಾಟಿಸಲೂ ಇಲ್ಲ. ಸಿಡ್ನಿಯ ಗಿರಾವೀನಿನ ಆ ಮನೆಯಲ್ಲಿ ಈ ಕಥೆಗೆ ದೇವರ ಫೋಟೋದಷ್ಟೇ ಮರ್ಯಾದೆ ಇತ್ತು.

"ಯೂ ರೈಟ್ ಇಟ್, ಅಪ್ಪಾ. ಇಟ್ ವಿಲ್ ಲುಕ್ ರಿಯಲ್," ಎಂದು ಅವಳು ಕಪ್ಪು ಮಾರ್ಕರ್ ಮುಂದೆ ಹಿಡಿದಳು.

ಬಾಯಿ ಮುಕ್ಕಳಿಸಿ, ಬೇಸಿನ್ನಿನ ಅಂಚಿನ ಮೇಲೆಯೇ ರಟ್ಟನ್ನಿಟ್ಟು ಅವನು ಬರೆದ. 'ಐ ಆ್ಯಮ್ ಎ ಡಾಂಕಿ. ಐ ಸ್ಪೋಕ್ ಕನ್ನಡ.' ಬರೆಯುತ್ತಿರುವಾಗಲೇ ಅವನಿಗೆ ಗೊತ್ತಾಯಿತು, ಕೈ ತನಗೆ ತಾನೇ ಹಳೆಯ ಅಕ್ಷರಗಳನ್ನು ಹುಡುಕಿಕೊಳ್ಳುತ್ತಿದೆ ಎಂದು. ಆ ಹಲಗೆಯ ಮೇಲೆ ಡಾಂಕಿಯ ಡಿ ಹೊಟ್ಟೆ ಉಬ್ಬಿಸಿಕೊಂಡಿತ್ತು, ಅವನ ಡಿಯೂ ಉಬ್ಬಿಸಿಕೊಂಡಿತು. ಆದ್ಯಾ ಓದಿ ಸಂತೋಷಪಟ್ಟು ಅವನ ಹೊಟ್ಟೆಗೆ ತಲೆ ಒತ್ತಿ ಓಡಿದಳು. ಅಡುಗೆಮನೆಯಿಂದ ಸಂಧ್ಯಾರಾಣಿ ಕೂಗಿದಳು, "ಲಗೂನ ಬರ್ರಿ, ಊಬರ್ ಬಂದೈತಿ. ಇಂಟರ್‌ವ್ಯೂದಾಗ ಮೆಲ್ಬರ್ನಿನವ್ರ ಮುಂದ ಭಾಳ ನಾಚಿಕೊಂಡು ನಿಂದರಬ್ಯಾಡ್ರಿ. ಆರಾರು ತಿಂಗಳಿಗೊಮ್ಮೆ ಕಾಂಟ್ರಾಕ್ಟ್ ಕಾಯೋದು ನನಗಂತೂ ಸಾಕಾಗೈತಿ." ಅವಳು ನಾರ್ವೆಸ್ಟ್ ಬಡಾವಣೆಯ ಒಂದು ಕಂಪನಿಯಲ್ಲಿ ಆರು ಮಂದಿಗೆ ಮ್ಯಾನೇಜರ್. ಗಂಡನ ಕೆಲಸದ ಬಗ್ಗೆ ಅವಳು ಯಾರ ಮುಂದೆಯೂ ಹಗುರವಾಗಿ ಮಾತಾಡಿದವಳಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಅವನು ಹೊರಗೆ ನೋಡಲಿಲ್ಲ. ತೊಡೆಯ ಮೇಲೆ ಆವತ್ತಿನ ಡೆಮೊ ಪಾಠದ ಹಾಳೆಗಳಿದ್ದವು. ಕೆನ್ಯಾದ ಒಂದು ಕಾದಂಬರಿಯ ಒಂದು ಅಧ್ಯಾಯ; ಬ್ರಿಟಿಷರ ಕಾಲದ ಹಳ್ಳಿಶಾಲೆ, ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮೂಳೆ. ವಸಾಹತುಶಾಹಿಯು ಆಫ್ರಿಕಾದ ಕಾದಂಬರಿಗಳಲ್ಲಿ ಮನುಷ್ಯನನ್ನು ಹೇಗೆ ಅವನ ಮನೆಯಿಂದಲೇ ಪರಕೀಯನನ್ನಾಗಿ ಮಾಡುತ್ತದೆ ಎಂದು ಈ ಹತ್ತು ವರ್ಷಗಳಲ್ಲಿ ಅವನು ಎಷ್ಟು ಸಲ ಹೇಳಿದ್ದಾನೋ ಅವನಿಗೇ ಲೆಕ್ಕವಿಲ್ಲ. ಸಿಡ್ನಿಯ ಯುನಿವರ್ಸಿಟಿಯಲ್ಲಿ ಅವನಿಗೊಂದು ಮೇಜಿರಲಿಲ್ಲ, ಬೀರುವಿರಲಿಲ್ಲ. ಪುಸ್ತಕಗಳನ್ನು ಬೆನ್ನಚೀಲದಲ್ಲಿ ಹೊತ್ತು ಮೆಟ್ರೊದಲ್ಲಿ ಓಡಾಡುತ್ತಿದ್ದ. ವಿದ್ಯಾರ್ಥಿಗಳು 'ವೀ' ಎಂದು ಕರೆಯುತ್ತಿದ್ದರು, ಇಡೀ ಹೆಸರು ಕರೆಯಲು ಅವರಿಗೆ ಪುರುಸೊತ್ತಿರಲಿಲ್ಲ, ತಿದ್ದಲು ಅವನಿಗೆ ಧೈರ್ಯವಿರಲಿಲ್ಲ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಇದೇ ಅಧ್ಯಾಯ ನಡೆಯುತ್ತಿತ್ತು. ಇಪ್ಪತ್ತೆರಡು ತಲೆಗಳೂ ಫೋನಿನ ಮೇಲೆ ಬಗ್ಗಿದ್ದವು. ಏನೋ ರೇಗಿ, 'ನನಗೂ ಹೀಗೆ ಆಗಿತ್ತು' ಎಂದುಬಿಟ್ಟ. ತಲೆಗಳೆಲ್ಲ ಮೇಲೆದ್ದವು. ಮೊದಲ ಬೆಂಚಿನ ಹುಡುಗಿಯೊಬ್ಬಳು ಕಣ್ಣು ತುಂಬಿಕೊಂಡು, ಎಷ್ಟು ಹೊತ್ತು ಹಾಕಿಕೊಂಡಿದ್ದಿರಿ ಎಂದು ಕೇಳಿದಳು. ಸಂಜೆಯವರೆಗೆ ಎಂದ. ಅಷ್ಟೇ. ಆಮೇಲೆ ಅದು ಅವನ ಕೈಯಲ್ಲಿ ಉಳಿಯಲಿಲ್ಲ. ಪ್ರಬಂಧವಾಯಿತು, ರೇಡಿಯೋ ಮಾತಾಯಿತು, ರಾಜ್ಯೋತ್ಸವದ ದಿನ ಕಮ್ಯುನಿಟಿ ಹಾಲಿನಲ್ಲಿ ಅವನ ಹೆಗಲಿಗೆ ಶಾಲಾಗಿ ಬಂದು ಕೂತಿತು.

ನಿಜವಾಗಿ ಅದು ಮೂರನೇ ಪೀರಿಯಡ್‌ವರೆಗೆ ಮಾತ್ರ. ಆಟದ ನಿಯಮ ಸರಳವಾಗಿತ್ತು. ಬೆಳಿಗ್ಗೆ ಮೊದಲು ಕನ್ನಡ ಮಾತಾಡಿ ಸಿಕ್ಕವರ ಕೊರಳಿಗೆ ಹಲಗೆ. ಅವರು ಇನ್ನೊಬ್ಬರನ್ನು ಹಿಡಿದು ಮಿಸ್ಸಿಗೆ ಹೇಳಿದರೆ ಹಲಗೆ ಅವರಿಗೆ ದಾಟುತ್ತಿತ್ತು. ಸಂಜೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರು ಮನೆಯವರು ಬರುವ ತನಕ ಗೇಟಿನಲ್ಲಿ ನಿಲ್ಲಬೇಕು. ಆವತ್ತು ಪಕ್ಕದವನಿಗೆ 'ಮಸಿ ಕೊಡೋ' ಎಂದು ವಿರುಪಾಕ್ಷ ಸಿಕ್ಕಿಬಿದ್ದ. ಆವತ್ತೇ ಸಂಜೆ ಅವನ ಅವ್ವ ಅನ್ನಪೂರ್ಣವ್ವ ಹೆಡ್‌ಮಿಸ್ಟ್ರೆಸ್ಸನ್ನು ಕಾಣಲು ಬರುವವಳಿದ್ದಳು, ಮಗ ಫಡಫಡ ಇಂಗ್ಲಿಷ್ ಮಾತಾಡುತ್ತಾನೆಂದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು. ಎರಡು ಪೀರಿಯಡ್ ಅವನು ಕಿವಿಯಿಟ್ಟು ಕಾದ. ಒಬ್ಬರೂ ತುಟಿ ಬಿಚ್ಚಲಿಲ್ಲ. ಮೂರನೆಯದರಲ್ಲಿ ಪಕ್ಕದ ಸಾಲಿನ ಚನ್ನಕ್ಕ ಡೆಸ್ಕಿನ ಮುಚ್ಚಳ ಎತ್ತಿ ಕಂಪಾಸಿನ ಡಬ್ಬಿ ತೆಗೆಯುತ್ತಿದ್ದಳು. ಹೆಸರು ಹಳೆಯದೆಂದು ಎಲ್ಲರ ಕೈಲೂ ನಗಿಸಿಕೊಂಡು, ಸಿಕ್ಕಿಬೀಳುವ ಭಯಕ್ಕೆ ಇಡೀ ದಿನ ಮೂಗಿಯಂತೆ ಕೂರುತ್ತಿದ್ದ ಹುಡುಗಿ. ಅವನು ಎದ್ದು ಹೋಗಿ, ಎರಡೂ ಕೈಯಿಂದ, ಮುಚ್ಚಳವನ್ನು ಅವಳ ಬೆರಳುಗಳ ಮೇಲೆ ಒತ್ತಿಬಿಟ್ಟ.

'ಯವ್ವಾ!' ಎಂದಳು.

ಏರ್ ಹೋಸ್ಟೆಸ್ ಕಾಫಿಯೋ ಚಹಾವೋ ಎಂದು ಎರಡು ಸಲ ಕೇಳಬೇಕಾಯಿತು. ಅವನು ಏನೂ ಬೇಡವೆಂದ. ಚನ್ನಕ್ಕ ಕೊರಳು ಬಗ್ಗಿಸಿದ್ದಳು, ಅದನ್ನು ಅವನು ಮರೆತಿಲ್ಲ. ಉಗುರಿನ ಕೆಳಗೆ ರಕ್ತ ಕಟ್ಟಿದ ಬೆರಳನ್ನು ಬಾಯಲ್ಲಿಟ್ಟುಕೊಂಡೇ, ದಾರ ಹಾಕಲು ಅವನಿಗೆ ಸುಲಭವಾಗಲೆಂದು ತಾನೇ ಕೊರಳು ಬಗ್ಗಿಸಿದ್ದಳು.

ಇಂಟರ್‌ವ್ಯೂ ಕೋಣೆಯಲ್ಲಿ ಐದು ಜನರಿದ್ದರು. ಗಾಜಿನ ಗೋಡೆಯಾಚೆ ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಚಪ್ಪಲಿ ಬಿಟ್ಟು ಮಲಗಿದ್ದರು. ಒಬ್ಬ ಪ್ರೊಫೆಸರ್ ಅವನ ಹೆಸರನ್ನು ಮೂರು ಕಡೆ ಮುರಿದು ಉಚ್ಚರಿಸಿ, ಸರಿಯಾಯಿತೇ ಎಂದು ನಕ್ಕ. ಸರಿಯಾಯಿತೆಂದು ಇವನೂ ನಕ್ಕ. ಮೇಜಿನ ಕೊನೆಯಲ್ಲಿ ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡ ಅರವತ್ತರ ಹೆಂಗಸು ಕೂತಿದ್ದಳು, ಪ್ರೊಫೆಸರ್ ನೆಕೆಸಾ. ಪಶ್ಚಿಮ ಕೆನ್ಯಾದವಳು, ವಿಭಾಗದ ಮುಖ್ಯಸ್ಥೆ, ಈ ಕೆಲಸ ಯಾರಿಗೆಂದು ಕೊನೆಗೆ ಹೇಳುವವಳು ಅವಳೇ ಎಂದು ವಿರುಪಾಕ್ಷನಿಗೆ ಗೊತ್ತಿತ್ತು. ಪಾಠ ಚೆನ್ನಾಗಿ ಹೋಯಿತು. ಬಾಯಿಪಾಠವಾದದ್ದು ಚೆನ್ನಾಗಿ ಹೋಗದೆ ಏನು ಮಾಡೀತು. ಮೂಳೆಯ ಭಾಗ ಬಂದಾಗ ಸಣ್ಣದಾಗಿ ಕೆಮ್ಮಿ, ಎಂದಿನಂತೆ ಕನ್ನಡಕ ತೆಗೆದು, ತನ್ನ ಹಲಗೆಯ ಕಥೆ ಹೇಳಿದ. ಕನ್ನಡಕ ತೆಗೆಯುವುದು ಯಾವಾಗ ಸೇರಿಕೊಂಡಿತೋ ಅವನಿಗೇ ನೆನಪಿಲ್ಲ. ಅವ್ವ ಗೇಟಿಗೆ ಬಂದದ್ದು, ಅಕ್ಷರ ಬಾರದ ಅವ್ವ ಹಲಗೆಯನ್ನು ಬಹುಮಾನವೆಂದು ತಿಳಿದು, ತೆಗೆಯದೆ, ಮಗನನ್ನು ಓಣಿ ತುಂಬ ಮೆರೆಸಿಕೊಂಡು ಮನೆಗೆ ಕರೆದೊಯ್ದದ್ದು, ಎಲ್ಲವನ್ನೂ ಹೇಳಿದ. ಅನ್ನಪೂರ್ಣವ್ವ ಇಂಗ್ಲಿಷ್ ಅಕ್ಷರ ಬಲ್ಲವಳು, ಬಸ್ಸಿನ ಬೋರ್ಡಿನಿಂದ ಔಷಧಿಯ ಚೀಟಿಯವರೆಗೆ ಕೂಡಿಸಿ ಕೂಡಿಸಿ ಓದುತ್ತಿದ್ದವಳು. ಕಥೆಗಾಗಿ ಮಗ ಅವಳಿಂದ ಅದನ್ನೂ ಕಿತ್ತುಕೊಂಡಿದ್ದ. ಅವಳು ತೀರಿಕೊಂಡು ಎಂಟು ವರ್ಷವಾಗಿತ್ತಾದ್ದರಿಂದ ಯಾರೂ ಕೇಳುವವರಿರಲಿಲ್ಲ.

ಆವತ್ತು ನಿಜಕ್ಕೂ ಗೇಟಿಗೆ ಬಂದವನು ಚನ್ನಕ್ಕನ ಅಪ್ಪ, ಗಿರಣಿಯ ಶಿವಪುತ್ರಪ್ಪ. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಜೋಳದ ಹಿಟ್ಟು. ಸೈಕಲ್ಲಿನ ಸ್ಟ್ಯಾಂಡ್ ಹಾಕಿ, ಮಗಳ ಕೊರಳಲ್ಲಿದ್ದುದನ್ನು ನೋಡಿ, ಬೆರಳ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು ಮುಟ್ಟಿದ. ಮಗಳು ಮಾತಾಡಲಿಲ್ಲ. ಪಕ್ಕದಲ್ಲಿ ಅವ್ವನಿಗಾಗಿ ಕಾಯುತ್ತಿದ್ದ ವಿರುಪಾಕ್ಷನ ಕಡೆ ತಿರುಗಿ, "ತಮ್ಮಾ, ಏನಂತ ಬರದಾರಪಾ ಇದರಾಗ? ಇನಾಮೇನು?" ಎಂದು ಕೇಳಿದ. ಗೇಟಿನ ಒಳಗಿದ್ದರು. ಬಾಯಿ ಬಿಟ್ಟು ಕನ್ನಡದಲ್ಲಿ ಹೇಳಿದರೆ ಹಲಗೆ ಅಲ್ಲಿಂದಲೇ ಹಿಂದಕ್ಕೆ ಬರುತ್ತಿತ್ತು. ವಿರುಪಾಕ್ಷ 'ಯೆಸ್' ಎಂದ. ಶಿವಪುತ್ರಪ್ಪನ ಮುಖ ಅರಳಿತು. ಮಗಳನ್ನು ಎತ್ತಿ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು, ಹಲಗೆ ಎಲ್ಲರಿಗೂ ಕಾಣುವಂತೆ ನೇರ ಮಾಡಿ, ಗಂಟೆ ಬಾರಿಸುತ್ತ ಹೋದ. ಮರುದಿನ ಅವಳು ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಗಿರಣಿಯಲ್ಲಿ ಅಪ್ಪನ ಪಕ್ಕ ಕೂತು ಡಬ್ಬಿಗಳಿಗೆ ಗುರುತು ಹಾಕುತ್ತಿದ್ದಾಳೆಂದು ಯಾರೋ ಹೇಳಿದರು. ಜೋಳ ಬೀಸಿಕೊಂಡು ಬಾ ಎಂದು ಅವ್ವ ಎಷ್ಟೇ ಬೈದರೂ ಅವನು ಆ ಗಿರಣಿಗೆ ಮತ್ತೆಂದೂ ಹೋಗಲಿಲ್ಲ.

ಇಂಟರ್‌ವ್ಯೂ ಕೋಣೆಯಲ್ಲಿ ಅವನ ಕಥೆ ಮುಗಿದಾಗ ನೆಕೆಸಾ ಪೆನ್ನನ್ನು ಮೇಜಿನ ಮೇಲಿಟ್ಟಳು. "ನನ್ನದೊಂದೇ ಪ್ರಶ್ನೆ," ಎಂದಳು. ನಿಧಾನದ, ತೂಕದ ಇಂಗ್ಲಿಷ್. "ಯಾರಿಗೆ ದಾಟಿಸಿದಿರಿ?"

ಆರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಬಿಳಿಯರಿಗೆ ಆಟದ ನಿಯಮ ಗೊತ್ತಿರಲಿಲ್ಲ, ಕನ್ನಡದವರಿಗೆ ಅಭಿಮಾನ ಉಕ್ಕಿ ಕೇಳಲು ತೋಚಿರಲಿಲ್ಲ. ಈಗ ಹೇಳಬಹುದಿತ್ತು. ಒಂದೇ ಹೆಸರು, ನಾಲ್ಕು ಅಕ್ಷರವೂ ಇಲ್ಲ. ಆದರೆ ಮೇಜಿನ ಮೇಲೆ ಅವನ ಪ್ರಬಂಧದ ಪ್ರತಿ ಇತ್ತು, ಅದರಲ್ಲಿ ಸಂಜೆ ಎಂದು ಅಚ್ಚಾಗಿತ್ತು, ಯಾರೋ ಅದರ ಕೆಳಗೆ ಗೆರೆಯೂ ಎಳೆದಿದ್ದರು. ಬೆಳಿಗ್ಗೆ ಬೇಸಿನ್ನಿನ ಅಂಚಿನಲ್ಲಿ ತಾನೇ ಬರೆದ ರಟ್ಟು ಈ ಹೊತ್ತಿಗೆ ಸಿಡ್ನಿಯಲ್ಲಿ ಮಗಳ ಕೊರಳಲ್ಲಿತ್ತು.

"ಯಾರಿಗೂ ಇಲ್ಲ," ಎಂದ.

ನೆಕೆಸಾ ಅವನನ್ನು ಬಹಳ ಹೊತ್ತು ನೋಡಿದಳು. ಸಿಕ್ಕಿಬಿದ್ದೆನೆಂದುಕೊಂಡ. ಸಿಕ್ಕಿಬೀಳಲಿ ಎಂದು ಒಳಗೊಳಗೇ ಆಸೆಯೂ ಪಟ್ಟ. ಅವಳು ಪೆನ್ನೆತ್ತಿ ಏನನ್ನೋ ಬರೆದುಕೊಂಡಳು.

ಊಟ, ಲೈಬ್ರರಿ, ಕೈಕುಲುಕುವಿಕೆ ಎಲ್ಲ ಮುಗಿದು ಮೂರು ಗಂಟೆ ದಾಟಿತ್ತು. ಟ್ರಾಮ್ ಸ್ಟಾಪಿನವರೆಗೆ ನಾನೂ ಬರುತ್ತೇನೆಂದು ನೆಕೆಸಾ ಕೋಟು ಹಾಕಿಕೊಂಡು ಹೊರಟಳು. ಮಂಡಿನೋವಿಗೆ ನಿಧಾನವಾಗಿ ನಡೆಯುತ್ತಿದ್ದಳು, ಅವನೂ ಹೆಜ್ಜೆ ಸಣ್ಣದು ಮಾಡಿಕೊಂಡ. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಸ್ಟಾಪಿನ ಬೆಂಚಿನ ಮೇಲೆ ಕೂತು ಅವಳು ತಾನಾಗಿಯೇ ಶುರುಮಾಡಿದಳು. ಬ್ರಿಟಿಷರು ಹೋಗಿ ಎಷ್ಟೋ ವರ್ಷವಾಗಿದ್ದರೂ ಅವಳ ಊರಿನ ಶಾಲೆಯಲ್ಲಿ ಮೂಳೆ ಉಳಿದುಕೊಂಡಿತ್ತಂತೆ. "ನನಗೆ ಹತ್ತು ವರ್ಷ. ನನ್ನ ಕೊರಳಲ್ಲಿತ್ತು. ನನ್ನ ತಮ್ಮನಿಗೆ ಏಳು. ಅಜ್ಜಿ ಹೇಳುತ್ತಿದ್ದ ಒಗಟೊಂದನ್ನು ಅವನಿಗೆ ಕೇಳಿದೆ. ಪಾಪ, ಉತ್ತರ ಅವನ ಬಾಯಿಂದ ತಾನೇ ಬಂದುಬಿಟ್ಟಿತು. ಆ ಅಜ್ಜಿಯ ಒಗಟುಗಳೆಂದರೆ ಅವನಿಗೆ ಪ್ರಾಣ."

"ಆಮೇಲೆ?"

"ಶಾಲೆ ಬಿಟ್ಟ. ಲಾರಿ ಓಡಿಸುತ್ತಾನೆ. ಫೋನು ಮಾಡಿದರೆ ಆರೋಗ್ಯ ಕೇಳಿ ಇಟ್ಟುಬಿಡುತ್ತಾನೆ." ಅವಳು ಮಂಡಿ ತಿಕ್ಕಿಕೊಂಡಳು. "ನಮ್ಮ ಕಾದಂಬರಿಗಳನ್ನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಪ್ರತಿಯೊಂದರಲ್ಲೂ ಆ ಮಗು ಇದೆ, ಕೊರಳಲ್ಲಿ ಮೂಳೆಯೋ ಮರದ ತುಂಡೋ ಇದೆ. ಬರೆದವರು ಎದುರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ ಕೇಳುತ್ತೇನೆ. ಮೊದಲು ಸಿಟ್ಟಾಗುತ್ತಾರೆ, ಆಮೇಲೆ ಒಂದು ಹೆಸರು ಹೇಳುತ್ತಾರೆ. ತಂಗಿ, ಗೆಳೆಯ, ಪಕ್ಕದ ಮನೆಯ ಹುಡುಗಿ. ದಾಟಿಸಿದವರು ಓದಿದರು, ಬರೆದರು, ಇಲ್ಲಿಗೆ ಬಂದರು. ಸಂಜೆಯವರೆಗೆ ಇಟ್ಟುಕೊಂಡವರು ಶಾಲೆಯಲ್ಲಿ ಉಳಿಯಲಿಲ್ಲ. ಹಾಗಾಗಿ ಅವರು ನಮ್ಮ ಯಾವ ಪುಸ್ತಕವನ್ನೂ ಬರೆದಿಲ್ಲ."

ಬಾಗಿಲು ಇದೇ ಎಂದು ವಿರುಪಾಕ್ಷನಿಗೆ ಅನ್ನಿಸಿತು. ಅವಳೇ ತೆರೆದಿದ್ದಾಳೆ, ತನ್ನ ತಪ್ಪನ್ನು ಬೆಂಚಿನ ಮೇಲೆ ಇಟ್ಟು ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ. 'ಪ್ರೊಫೆಸರ್' ಎಂದ. ಅಷ್ಟರಲ್ಲಿ ಅವಳು ಅವನ ಕೈ ಹಿಡಿದುಕೊಂಡಳು.

"ನೀವು ನನಗೆ ಸಿಕ್ಕ ಮೊದಲನೆಯವರು. ಮಧ್ಯಾಹ್ನ ಕಮಿಟಿಗೆ ಹೇಳಿದೆ, ಇವರೇ ಬೇಕೆಂದು. ನಿಯಮದ ಪ್ರಕಾರ ಈಗ ಹೇಳಬಾರದು, ಆದರೂ ಹೇಳುತ್ತಿದ್ದೇನೆ. ಶುಕ್ರವಾರ ಪತ್ರ ಬರುತ್ತದೆ. ಇಟ್ಟುಕೊಂಡವರು ಒಬ್ಬರಾದರೂ ಉಳಿದು ಮೇಲೆ ಬಂದರಲ್ಲ ಎಂದು ನನಗೆಷ್ಟು ಸಮಾಧಾನವಾಗಿದೆ ನಿಮಗೆ ಗೊತ್ತಿಲ್ಲ." ಅವಳ ಕಣ್ಣು ಒದ್ದೆಯಾಗಿತ್ತು. ಅವಳು ನಂಬಿದ್ದಳು. ಬೆಳಗಿನಿಂದ ಅವನು ಹೆದರಿದ್ದು ಸಿಕ್ಕಿಬೀಳುವುದಕ್ಕೆ. ಇಷ್ಟೊಂದು ನಂಬಿಕೆಗೆ ಹೆದರಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಅವಳ ಬೆರಳುಗಳ ನಡುವಿನಿಂದ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ಕೂತ. ಆಗ ಜೇಬಿನಲ್ಲಿ ಫೋನು ನಡುಗಿತು. ಆದ್ಯಾ. ಶಾಲೆ ಬಿಟ್ಟು ಮನೆ ಸೇರಿರಬೇಕು.

"ಹ್ಯಾಂಗಾತವಾ ಕಥಿ?" ಎಂದು ಕೇಳಿದ. ಮಗಳು ಅವನ ಕನ್ನಡವನ್ನೆಲ್ಲ ತಿಳಿಯುತ್ತಿದ್ದಳು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಈ ಹೊತ್ತು ಅದೂ ಬಿಕ್ಕಳಿಕೆಯ ನಡುವೆ ಬರುತ್ತಿತ್ತು. ಕಥೆ ಎಲ್ಲರಿಗೂ ಇಷ್ಟವಾಯಿತಂತೆ. ಊಟದ ಬಿಡುವಿನಲ್ಲಿ ಮಕ್ಕಳು ಅದನ್ನೇ ಆಟವಾಡಿದರಂತೆ, ಮನೆಮಾತು ಆಡಿದವರಿಗೆ ಹಲಗೆ. ಮೊದಲು ಇವಳೇ ಹಾಕಿಕೊಂಡಳು. ಸಂಜೆಯವರೆಗೆ, ಅಪ್ಪನ ಹಾಗೆ, ಇಟ್ಟುಕೊಳ್ಳಬೇಕೆಂದುಕೊಂಡಿದ್ದಳು. ಹತ್ತು ನಿಮಿಷಕ್ಕೇ ಎಲ್ಲರೂ ಕತ್ತೆಯ ಹಾಗೆ ಕೂಗಿ ನಗತೊಡಗಿದರು. ಆಗ ಕೊರಿಯಾದ ಹುಡುಗಿ ಮಿನ್‌ಜಿಯ ಹತ್ತಿರ ಹೋಗಿ, ಮನೆಯಲ್ಲಿ ನಿನ್ನ ಅಮ್ಮನನ್ನು ಏನೆಂದು ಕರೆಯುತ್ತೀ ಎಂದು ಕೇಳಿದಳು. ಮಿನ್‌ಜಿ ಹೇಳಿದಳು. ಹೇಳಿದ ಕೂಡಲೇ ಹಲಗೆ ಅವಳಿಗೆ.

"ಆಮ್ಯಾಲ?"

ಆಮೇಲೆ ಮಿನ್‌ಜಿ ಯಾರನ್ನೂ ಹಿಡಿಯಲಿಲ್ಲ. ಬೆಲ್ ಆಗುವ ತನಕ ಹಾಕಿಕೊಂಡೇ ಇದ್ದಳು. ಗೇಟಿನಲ್ಲಿ ಅವಳ ಅಮ್ಮ ಅದನ್ನು ಓದಿದಳು, ಕೊರಳಿಂದ ತೆಗೆದು, ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಏನೂ ಅನ್ನದೆ ಮಗಳ ಕೈ ಹಿಡಿದು ಹೋದಳು. ತನ್ನ ಹೊಟ್ಟೆ ಉಬ್ಬಿದ ಡಿ ಯಾರದೋ ಪರ್ಸಿನೊಳಗೆ ಮಡಚಿ ಕೂತಿರುವುದು ವಿರುಪಾಕ್ಷನ ಕಣ್ಣಿಗೆ ಕಟ್ಟಿತು. ಆದ್ಯಾ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

"ನಿನ್ನ ಹಾಗೆ ನನ್ನ ಕೈಲಾಗಲಿಲ್ಲ, ಅಪ್ಪಾ," ಎಂದು ಅವಳು ಇಂಗ್ಲಿಷಿನಲ್ಲಿ ಅಂದಳು. "ನೀನು ಒಳ್ಳೆಯವನು. ನಾನು ಕೆಟ್ಟವಳು."

ಟ್ರಾಮ್ ಬರಲು ಇನ್ನೂ ಮೂರು ನಿಮಿಷವಿದೆಯೆಂದು ಬೋರ್ಡು ತೋರಿಸುತ್ತಿತ್ತು. ಪಕ್ಕದಲ್ಲಿ ನೆಕೆಸಾ ರಸ್ತೆಯ ಕಡೆ ಮುಖ ಮಾಡಿ, ಮಗಳ ಜೊತೆ ಮಾತಾಡುವ ಅಪ್ಪನಿಗೆ ಜಾಗ ಬಿಟ್ಟು ಕೂತಿದ್ದಳು. ವಿರುಪಾಕ್ಷ ಎದ್ದು ದೂರ ಹೋಗಬಹುದಿತ್ತು, ಹೋಗಲಿಲ್ಲ. ಅಲ್ಲೇ ಕೂತು, ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿಯೇ ಹೇಳಿದ. "ಅಳಬ್ಯಾಡವಾ. ಇಲ್ಲಿ ಕೇಳು. ನಾನೂ ಇಟ್ಕೊಂಡಿರಲಿಲ್ಲ. ಮೂರನೇ ಪೀರಿಯಡ್ಡಿಗೇ ದಾಟಿಸಿದೆ. ಚನ್ನಕ್ಕ ಅಂತ ಒಬ್ಬಾಕಿ ಇದ್ದಳು. ಆಕಿ ಬೆರಳ ಮ್ಯಾಲ ಡೆಸ್ಕಿನ ಮುಚ್ಚಳ ಹಾಕಿ ಒತ್ತಿದೆ. ಯವ್ವಾ ಅಂದಳು. ಸಂಜೀತನಕ ಹಾಕ್ಕೊಂಡಾಕಿ ಆಕಿ, ನಾ ಅಲ್ಲ. ಗೇಟಿಗೆ ಬಂದಾವ ಆಕಿ ಅಪ್ಪ, ನಮ್ಮವ್ವ ಅಲ್ಲ. ನಾ ಎಲ್ಲಾರಿಗೂ ಸುಳ್ಳು ಹೇಳೇನಿ." ಚನ್ನಕ್ಕ ಎಂಬ ಹೆಸರು ಆ ಗಾಳಿಯಲ್ಲಿ, ಆ ಬೆಂಚಿನ ಮೇಲೆ, ಕನ್ನಡ ತಿಳಿಯದ ನೆಕೆಸಾಳ ಕಿವಿಯಿಂದ ಒಂದು ಮೊಳ ದೂರದಲ್ಲಿ ಹಾಯ್ದು ಹೋಯಿತು. ಎದೆ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ ಅವನಿಗೆ ಅಳು ಬಂತು.

ಆದ್ಯಾಳ ಬಿಕ್ಕು ನಿಂತಿತ್ತು. ಅವಳು ಯೋಚಿಸುತ್ತಿದ್ದಳು, ಉಸಿರಿನಿಂದಲೇ ತಿಳಿಯುತ್ತಿತ್ತು. "ಅವಳ ಬೆರಳು ಸರಿಹೋಯಿತಾ?" ಎಂದು ಕೇಳಿದಳು. ಗೊತ್ತಿಲ್ಲವೆಂದ. ಆಮೇಲೆ, "ಅಲ್ಲಿಯವರಿಗೂ ಹೇಳಿದೆಯಾ? ಆ ಇಂಟರ್‌ವ್ಯೂನವರಿಗೆ?" ಎಂದಳು.

ಟ್ರಾಮ್ ತಿರುವಿನಲ್ಲಿ ಕಾಣಿಸಿಕೊಂಡಿತು. ಅವನ ಮುಖ ನೋಡಿ ನೆಕೆಸಾ ಗಾಬರಿಯಿಂದ ತೋಳು ಮುಟ್ಟಿದಳು. "ಮನೆಯಲ್ಲಿ ಎಲ್ಲ ಸರಿಯಾಗಿದೆಯೇ? ನೀವು ಅಳುತ್ತಿದ್ದೀರಿ."

ವಿರುಪಾಕ್ಷ ಕನ್ನಡಕ ತೆಗೆದು ಒರೆಸಿಕೊಂಡ. ಇಂಗ್ಲಿಷಿನಲ್ಲಿ, ಸಲೀಸಾಗಿ, ಒಂದೂ ತೊದಲದೆ ಹೇಳಿದ. "ಎಲ್ಲ ಸರಿಯಾಗಿದೆ. ಮಗಳು ಇವತ್ತು ಶಾಲೆಯಲ್ಲಿ ನನ್ನ ಕಥೆ ಹೇಳಿದಳಂತೆ. ಅದಕ್ಕೇ."

ನೆಕೆಸಾ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಟ್ರಾಮಿನ ಬಾಗಿಲು ತೆರೆಯಿತು. ಹತ್ತಿ, ಕಂಬ ಹಿಡಿದು, ಅವಳಿಗೆ ಕೈಬೀಸಲು ಹೋದಾಗಲೇ ಅವನಿಗೆ ಕೈಯಲ್ಲಿ ಫೋನಿರುವುದು ನೆನಪಾದದ್ದು. ಕಿವಿಗಿಟ್ಟುಕೊಂಡ. ನೆಕೆಸಾಳಿಗೆ ಉತ್ತರ ಹೇಳಿದ ಹೊತ್ತಿನಲ್ಲೂ ಲೈನು ಕಟ್ಟಾಗಿರಲಿಲ್ಲ. ಆ ಕಡೆ ಆದ್ಯಾ ಇದ್ದಳು, ಉಸಿರಾಡುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ.